ಆಗ್ರಾ ದಾರಿಯಲ್ಲಿ ಸಿಗುವ ಊರು

ದೆಹಲಿಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ, ಮುಖ್ಯವಾಗಿ ನಮ್ಮಂಥ ಗೃಹಿಣಿಯರಿಗೆ, ಯಾರೂ ಕೇಳದೆಯೇ ಒಂದು ಉಪವೃತ್ತಿ ಅಂಟಿಕೊಳ್ಳುತ್ತದೆ. ಅದು ಗೈಡ್ ಕೆಲಸ. ಊರಿನಿಂದ ಅತ್ತೆ ಮಾವ ಬರಲಿ, ಅಣ್ಣ ಅತ್ತಿಗೆ ಬರಲಿ, ಅತ್ತಿಗೆಯ ತಂಗಿಯ ಗಂಡನ ಮನೆಯವರೇ ಬರಲಿ, ಒಂದು ದಿನ ಕುತುಬ್ ಮಿನಾರ್, ಒಂದು ದಿನ ಕೆಂಪುಕೋಟೆ, ಮತ್ತೊಂದು ದಿನ ಕರೋಲ್ ಬಾಗ್‌ನ ಸೀರೆ ಅಂಗಡಿಗಳು, ಕಡೆಯ ದಿನ ಆಗ್ರಾ. ನಾನು ಮದುವೆಯಾಗಿ ಈ ಊರಿಗೆ ಬಂದದ್ದು 1994ರಲ್ಲಿ. ಅಂದಿನಿಂದ ಇಂದಿನವರೆಗೆ ತಾಜ್‌ಮಹಲನ್ನು 17 ಸಲ ನೋಡಿದ್ದೇನೆ. ಷಾಜಹಾನನಿಗೆ ಮುಮ್ತಾಜಳ ಮೇಲಿದ್ದ ಪ್ರೀತಿಗಿಂತ ಅಲ್ಲಿಯ ಕಾರು ನಿಲ್ಲಿಸುವ ಜಾಗದ ವಿಷಯವೇ ನನಗೀಗ ಹೆಚ್ಚು ಗೊತ್ತು.

ಈಗಿನವರು 2012ರಲ್ಲಿ ತೆರೆದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಹಾರಿಹೋಗುತ್ತಾರೆ. ಅದಕ್ಕೆ ಮೊದಲು ಎಲ್ಲರಿಗೂ ಮಥುರಾ ರಸ್ತೆಯೇ ಗತಿ. ಬದರ್‌ಪುರ ದಾಟಿದ ಕೂಡಲೇ ಫರೀದಾಬಾದ್ ಶುರು. ಟ್ರಕ್ಕುಗಳು, ಹೊಗೆ, ಕಾರ್ಖಾನೆಗಳ ಉದ್ದುದ್ದದ ಕಾಂಪೌಂಡು. “ಇಲ್ಲಿ ನೋಡಲಿಕ್ಕೆ ಏನಾದರೂ ಉಂಟಾ?” ಎಂದು ನಮ್ಮ ಮಾವ ಒಮ್ಮೆ ಕೇಳಿದ್ದರು. “ಏನೂ ಇಲ್ಲ ಮಾವ, ಗಾಜು ಏರಿಸಿಕೊಳ್ಳಿ, ಧೂಳು” ಎಂದಿದ್ದೆ. ನನ್ನ ಯಜಮಾನರು ಅದೇ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದರೂ, ದಿನಾ ಅಲ್ಲಿಯ ಧೂಳನ್ನೇ ಅಂಗಿಯ ಕಾಲರಿಗೆ ಮೆತ್ತಿಕೊಂಡು ಮನೆಗೆ ಬರುತ್ತಿದ್ದರೂ, ಆ ಊರಿನ ಬಗ್ಗೆ ನಮ್ಮಿಬ್ಬರಿಗೂ ಇದ್ದ ತಿಳಿವಳಿಕೆ ಅಷ್ಟೇ.

ಓದುಗರೇ, ಮಾವನವರಿಗೆ ನಾನು ಹೇಳಿದ ಆ ಮಾತು ತಪ್ಪು. ಅವರು ಈಗಿಲ್ಲ. ಅವರಿಗೆ ತೋರಿಸಲಾಗದ್ದನ್ನು ನಿಮಗಾದರೂ ತೋರಿಸೋಣವೆಂದು ಈ ಲೇಖನ.

ಹೋಗುವ ದಾರಿ ಸುಲಭ. ಕಾಶ್ಮೀರಿ ಗೇಟಿನಿಂದ ಹೊರಡುವ ನೇರಳೆ ಬಣ್ಣದ ಮೆಟ್ರೋ ಹಿಡಿಯಿರಿ. ನಾವಿರುವ ಸರಿತಾ ವಿಹಾರ ದಾಟಿ, ಬದರ್‌ಪುರ ದಾಟಿ, ಅದು ಹರಿಯಾಣಕ್ಕೆ ಹೋಗುತ್ತದೆ. 2015ರಲ್ಲಿ ಈ ಭಾಗ ತೆರೆದ ಮೇಲೆ ಫರೀದಾಬಾದ್ ನಮಗೆ ದೂರದ ಊರಾಗಿ ಉಳಿದಿಲ್ಲ. ಓಲ್ಡ್ ಫರೀದಾಬಾದ್ ಎಂಬ ನಿಲ್ದಾಣದಲ್ಲಿ ಇಳಿಯಬೇಡಿ. ಅದು ಜಹಾಂಗೀರನ ಖಜಾಂಚಿ ಶೇಖ್ ಫರೀದ್ 1607ರಲ್ಲಿ ಕಟ್ಟಿದ ಊರು, ಅದರ ಕತೆಯೇ ಬೇರೆ. ಮುಂದಿನದು ನೀಲಂ ಚೌಕ್ ಅಜ್ರೋಂದಾ. ಅಲ್ಲಿ ಇಳಿದು ಶೇರ್ ಆಟೋ ಹತ್ತಿದರೆ, ಅದು ರೈಲು ಹಳಿಗಳ ಮೇಲಿನ ಸೇತುವೆ ದಾಟಿ ಎನ್‌.ಐ.ಟಿ. ಎಂಬ ಪ್ರದೇಶಕ್ಕೆ ಕರೆದೊಯ್ಯುತ್ತದೆ. ಎನ್‌.ಐ.ಟಿ. ಎಂದ ಕೂಡಲೇ ನಮ್ಮ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ನೆನಪಾಗುವುದು ಸಹಜ. ಇದು ಆ ಎನ್‌.ಐ.ಟಿ. ಅಲ್ಲ. ನ್ಯೂ ಇಂಡಸ್ಟ್ರಿಯಲ್ ಟೌನ್‌ಷಿಪ್ ಎಂಬುದರ ಮೊದಲಕ್ಷರಗಳು. ಇಲ್ಲಿಯ ಬಡಾವಣೆಗಳಿಗೆ ಹೆಸರಿಲ್ಲ, ನಂಬರು. ಒಂದು ನಂಬರ್, ಎರಡು ನಂಬರ್, ಐದು ನಂಬರ್. ಒಂದು ನಂಬರಿನ ಮಾರ್ಕೆಟ್ಟಿನಲ್ಲಿ ಬಟ್ಟೆ, ಪಾತ್ರೆ, ಬಳೆ, ಮದುವೆ ಸಾಮಾನು ಎಲ್ಲ ಸಿಗುತ್ತವೆ. ಕೆಲವು ಅಂಗಡಿಗಳ ಬೋರ್ಡಿನಲ್ಲಿ ‘ಫ್ರಾಂಟಿಯರ್’ ಎಂಬ ಪದ ಇರುತ್ತದೆ. ಹರಿಯಾಣದ ನಡುವೆ ಇದ್ಯಾವ ಗಡಿ ಎಂದು ಕೇಳಬೇಕಾಗಿತ್ತು. ನಾನು ಕೇಳಿದ್ದು ಬಹಳ ತಡವಾಗಿ, ಅದೂ ನಮ್ಮ ಹಣೆಬರಹ ಕೆಟ್ಟಿದ್ದ ಸಮಯದಲ್ಲಿ.

2020ರ ಲಾಕ್‌ಡೌನಿನಲ್ಲಿ ಇವರ ಕಾರ್ಖಾನೆ ಬಾಗಿಲು ಹಾಕಿತು. ಮೊದಲು ಒಂದು ತಿಂಗಳೆಂದರು, ಆಮೇಲೆ ಮೂರೆಂದರು, ಸೆಪ್ಟೆಂಬರಿನಲ್ಲಿ ಒಂದು ಕಾಗದ ಬಂತು. ಇವರಿಗೆ ಆಗ 56 ವರ್ಷ. ಮಗ ಇಂಜಿನಿಯರಿಂಗ್ ಎರಡನೆಯ ವರ್ಷ. ಮನೆಯ ಸಾಲ ಇನ್ನೂ ನಾಲ್ಕು ವರ್ಷ ಬಾಕಿ. ದುಡ್ಡಿನ ತಾಪತ್ರಯ ನನಗೆ ಹೊಸದಲ್ಲ, ಹುರುಳಿ ಸಾರು ಮಾಡಿ ತಿಂಗಳು ಕಳೆಯುವುದು ತಾಯಿಯ ಮನೆಯಲ್ಲೇ ಕಲಿತಿದ್ದೆ. ಹೊಸದಾಗಿದ್ದದ್ದು ಇವರು ಕುಳಿತುಬಿಟ್ಟ ರೀತಿ. ಬೆಳಿಗ್ಗೆ ಎದ್ದು ಬಾಲ್ಕನಿಯ ಕುರ್ಚಿಯಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೆ ಅಲ್ಲೇ. ಕೈಯಲ್ಲಿ ಪತ್ರಿಕೆ, ಆದರೆ ಪುಟ ತಿರುಗುತ್ತಿರಲಿಲ್ಲ. ಗಡ್ಡ ತೆಗೆಯುವುದನ್ನು ಬಿಟ್ಟರು. ಒಂದು ದಿನ ಅದೇ ಪತ್ರಿಕೆ ಮೂರು ದಿನ ಹಳೆಯದೆಂದು ನನಗೆ ಗೊತ್ತಾಯಿತು.

ಆಗ ನಾನು ಏನು ಮಾಡಿದೆ? ಎಲ್ಲರೂ ಮಾಡುವುದನ್ನೇ. “ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರಿ” ಎಂದು ದಿನಕ್ಕೆ ಹತ್ತು ಸಲ ಹೇಳಿದೆ. ಬಿ.ಎ.ಯಲ್ಲಿ ಇಂಗ್ಲಿಷನ್ನು ಐಚ್ಛಿಕವಾಗಿ ತೆಗೆದುಕೊಂಡವಳು ನಾನು. ಆಶೆಯ ಮೇಲೆ ಕವಿಗಳು ಬರೆದದ್ದನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದೆ. ಗ್ರೀಕರ ಪಂಡೋರಳ ಪೆಟ್ಟಿಗೆಯ ಕತೆಯೂ ಗೊತ್ತಿತ್ತು. ಕಷ್ಟಗಳೆಲ್ಲ ಹೊರಗೆ ಹಾರಿಹೋದ ಮೇಲೆ ಪೆಟ್ಟಿಗೆಯ ತಳದಲ್ಲಿ ಆಶೆಯೊಂದೇ ಉಳಿಯಿತಂತೆ. ಹಾಗೆ ಪೆಟ್ಟಿಗೆಯೊಳಗೇ ಉಳಿದ ಆಶೆಯನ್ನು ಹೊರತೆಗೆದು ಬಳಸುವುದು ಹೇಗೆಂದು ನಮ್ಮ ಲೆಕ್ಚರರ್ ಹೇಳಿಕೊಡಲಿಲ್ಲ. ಸಿಲೆಬಸ್ಸಿನಲ್ಲಿ ಇರಲಿಲ್ಲವೋ ಏನೋ.

2021ರ ಜನವರಿಯಲ್ಲಿ ಹಳೆಯ ಕೆಲಸದ ಬಾಕಿ ಹಣಕ್ಕಾಗಿ ಫರೀದಾಬಾದಿನ ಒಂದು ಕಚೇರಿಗೆ ಹೋಗಬೇಕಾಯಿತು. ಒಬ್ಬರನ್ನೇ ಕಳಿಸಲು ಧೈರ್ಯ ಬರಲಿಲ್ಲ, ನಾನೂ ಹೊರಟೆ. ಕಿಟಕಿಯಲ್ಲಿದ್ದ ಹುಡುಗ ಕಾಗದ ನೋಡಿ, ಒಂದು ಸಹಿ ಕಮ್ಮಿ ಇದೆಯೆಂದ. ಸಹಿ ಹಾಕಬೇಕಾದ ಸಾಹೇಬರು ಮೂರು ಗಂಟೆಗೆ ಬರುತ್ತಾರೆ ಎಂದ. ಆಗ ಹನ್ನೊಂದು ಗಂಟೆ. ಮಂಜು ಇನ್ನೂ ಕರಗಿರಲಿಲ್ಲ. ಜನವರಿಯ ದೆಹಲಿ ಚಳಿ ನಿಮಗೆ ಗೊತ್ತೇ ಇದೆ, ಮೂಳೆಯನ್ನು ಹುಡುಕಿಕೊಂಡು ಬರುವಂಥದು. ಮಗನಿಗೊಂದು ಸ್ವೆಟರ್ ನೋಡುವ ನೆವ ಮಾಡಿ ಇವರನ್ನು ಎನ್‌.ಐ.ಟಿ. ಮಾರ್ಕೆಟ್ಟಿಗೆ ಎಳೆದುಕೊಂಡು ಹೋದೆ.

ಉಣ್ಣೆ ಬಟ್ಟೆಯ ಒಂದು ಸಣ್ಣ ಅಂಗಡಿ. ಗಲ್ಲಾದಲ್ಲಿ ಮೊಮ್ಮಗ, ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತ ಎಂಬತ್ತು ದಾಟಿದ ಅಜ್ಜ. ಎಲ್ಲರೂ ಅವರನ್ನು ಬಾವುಜಿ ಎನ್ನುತ್ತಿದ್ದರು. ನಾನು ಸ್ವೆಟರಿನ ಬೆಲೆಯ ಮೇಲೆ ಚೌಕಾಸಿ ಮಾಡುತ್ತಿದ್ದರೆ ಅವರು ನೋಡುತ್ತಿದ್ದದ್ದು ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ನಿಂತಿದ್ದ ಇವರನ್ನು. “ಬೇಟಿ, ಸಾಬ್‌ಗೆ ಹುಷಾರಿಲ್ಲವಾ?” ಎಂದು ಕೇಳಿದರು. ಯಾರೂ ಕೇಳಿರಲಿಲ್ಲ ಮಾರಾಯ್ರೆ. ನಾಲ್ಕು ತಿಂಗಳಲ್ಲಿ ನಮ್ಮ ಕಟ್ಟಡದ ಒಬ್ಬರೂ ಕೇಳಿರಲಿಲ್ಲ. ಮಾಸ್ಕಿನ ಹಿಂದೆ ನನ್ನ ಗಂಟಲು ಕಟ್ಟಿತು. ಹುಷಾರಾಗಿದ್ದಾರೆ, ಕೆಲಸ ಹೋಗಿದೆ ಎಂದೆ. ಅಜ್ಜ ಮೊಮ್ಮಗನಿಗೆ ಎರಡು ಸ್ಟೂಲು, ಚಹಾ ತರಲು ಹೇಳಿದರು. ಸ್ವೆಟರಿನ ಮಾತು ಅಲ್ಲಿಗೇ ನಿಂತಿತು.

ಅವರು ಹುಟ್ಟಿದ್ದು ಬನ್ನೂ ಎಂಬ ಊರಿನಲ್ಲಿ. ಈಗಿನ ಪಾಕಿಸ್ತಾನದ ವಾಯವ್ಯ ಗಡಿ, ಅಫಘಾನಿಸ್ತಾನದ ಹತ್ತಿರ. ಬೋರ್ಡುಗಳ ಮೇಲಿನ ‘ಫ್ರಾಂಟಿಯರ್’ ಅದೇ. ದೇಶ ಇಬ್ಭಾಗವಾದಾಗ ಅಲ್ಲಿಯ ಹಿಂದೂ ಸಿಖ್ಖರು ರೈಲು ಹತ್ತಿ ಈ ಕಡೆ ಬಂದರು. ಹಲವರು ಕುರುಕ್ಷೇತ್ರದ ದೊಡ್ಡ ಶಿಬಿರದಲ್ಲಿ, ಇನ್ನು ಕೆಲವರು ದೆಹಲಿಯ ಶಿಬಿರಗಳಲ್ಲಿ ದಿನ ದೂಡಿದರು. ಬಾವುಜಿಗೆ ಆಗ ಎಂಟು ವರ್ಷ. ಅವರ ತಂದೆಗೆ ಬನ್ನೂವಿನಲ್ಲಿ ಕಿರಾಣಿ ಅಂಗಡಿ ಇತ್ತಂತೆ, ಇಬ್ಬರು ಆಳುಗಳಿದ್ದರಂತೆ. “ನಮ್ಮ ಪಿತಾಜಿ ಜೀವನದಲ್ಲಿ ತಕ್ಕಡಿಗಿಂತ ಭಾರದ್ದನ್ನು ಎತ್ತಿದವರಲ್ಲ. ಶಿಬಿರದ ಡೇರೆಯಲ್ಲಿ ಹೀಗೇ ಕೂತುಬಿಟ್ಟರು” ಎಂದು ಇವರ ಕಡೆ ಗಲ್ಲ ತೋರಿಸಿದರು. “ಪಡಿತರ ಪುಕ್ಕಟೆ ಬರುತ್ತಿತ್ತು. ತಿನ್ನುವುದು, ಕೂರುವುದು. ಒಂದೂವರೆ ವರ್ಷ.”

ಮುಂದಿನದನ್ನು ಅರ್ಧ ಬಾವುಜಿ ಹೇಳಿದ್ದು, ಅರ್ಧ ನಾನು ಆಮೇಲೆ ಓದಿದ್ದು. ಎಲ್‌.ಸಿ. ಜೈನ್ ಅವರು 1998ರಲ್ಲಿ ಫರೀದಾಬಾದಿನ ಮೇಲೆ ಒಂದು ಪುಸ್ತಕ ಬರೆದಿದ್ದಾರೆ, ‘ದಿ ಸಿಟಿ ಆಫ್ ಹೋಪ್’ ಎಂದು ಅದರ ಹೆಸರು. ಆಶೆಯ ನಗರ! ನಾನು ಗಾಜು ಏರಿಸಿಕೊಂಡು ದಾಟುತ್ತಿದ್ದ ಊರಿಗೆ ಆ ಹೆಸರು. ಜೈನ್ ಅವರು ಆ ಕಾಲದಲ್ಲಿ ಇಪ್ಪತ್ತೈದರ ಆಸುಪಾಸಿನ ಯುವಕ, ಅಲ್ಲೇ ಕೆಲಸ ಮಾಡಿದವರು. ಅವರಿಗೆ 1989ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಹೆಂಡತಿ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮೈಸೂರಿನಲ್ಲಿ ಹುಟ್ಟಿದವರು, ಮೈಸೂರು ಸಂಸ್ಥಾನದಲ್ಲಿ ಮಂತ್ರಿಯಾಗಿದ್ದ ಎಂ.ಎ. ಶ್ರೀನಿವಾಸನ್ ಅವರ ಮಗಳು. ಹಾಗಾಗಿ ಜೈನ್ ನಮ್ಮ ಅಳಿಯಂದಿರು ಎಂದುಕೊಳ್ಳಲು ಅಡ್ಡಿಯಿಲ್ಲ.

ಅಳಿಯಂದಿರಿಗಿಂತ ಮುಖ್ಯವಾದವರು ನಮ್ಮ ಮಗಳೇ ಇದ್ದಾರೆ, ಕಮಲಾದೇವಿ ಚಟ್ಟೋಪಾಧ್ಯಾಯ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಸಾರಸ್ವತರ ಹುಡುಗಿ. ಕರಕುಶಲ ವಸ್ತುಗಳು, ಕಾಟೇಜ್ ಎಂಪೋರಿಯಂ ಎಂದರೆ ಎಲ್ಲರಿಗೂ ಅವರ ನೆನಪಾಗುತ್ತದೆ. ನಿರಾಶ್ರಿತರ ನಡುವೆ ಅವರು ಮಾಡಿದ ಕೆಲಸ ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಅವರ ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ತಂದೆ ಸತ್ತಾಗ ಕಮಲಾದೇವಿಗೆ ಏಳು ವರ್ಷ. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮಲಮಗನಿಗೆ ಹೋಯಿತು, ಹೆಂಡತಿಗೂ ಮಗಳಿಗೂ ತಿಂಗಳ ಜೀವನಾಂಶವಷ್ಟೇ. ತಾಯಿ ಗಿರಿಜಾಬಾಯಿ ಆ ಜೀವನಾಂಶ ಬೇಡವೆಂದರು. ತವರಿನಿಂದ ತಂದಿದ್ದರಲ್ಲೇ ಮಗಳನ್ನು ಬೆಳೆಸಿದರು. ಹುಡುಗಿಗೆ ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ಗಂಡ ತೀರಿಹೋದ. ಅಲ್ಲಿಗೆ ಬದುಕು ಮುಗಿಯಿತೆಂದು ಕೂರುವುದು ಆ ಕಾಲದ ರೂಢಿ. ಆಕೆ ಓದಿದರು, ಮರುಮದುವೆಯಾದರು, ನಾಟಕವಾಡಿದರು, 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ಪುಕ್ಕಟೆ ಹಣ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಅವರು ತಾಯಿಯಿಂದಲೇ ಕಲಿತಿರಬೇಕು ಎಂದು ನನಗನ್ನಿಸುತ್ತದೆ. ಇದು ನನ್ನ ಊಹೆ, ಜೈನ್ ಅವರ ಪುಸ್ತಕದ ಮಾತಲ್ಲ.

1948ರಲ್ಲಿ ಕಮಲಾದೇವಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ನಿರಾಶ್ರಿತರಿಗೆ ದಾನ ಕೊಡುವ ಬದಲು ಅವರದ್ದೇ ಸಹಕಾರ ಸಂಘಗಳನ್ನು ಮಾಡಿಸಿ ದುಡಿಮೆ ಕೊಡುವುದು ಅದರ ಉದ್ದೇಶ. ಮೊದಲ ಪ್ರಯೋಗ ಮೆಹ್ರೌಲಿಯ ಹತ್ತಿರದ ಛತರ್‌ಪುರದಲ್ಲಿ, ಬೇಸಾಯದ ಸಹಕಾರ ಸಂಘಗಳು. ಈಗ ಅಲ್ಲಿ ಶ್ರೀಮಂತರ ತೋಟದ ಮನೆಗಳು, ಮದುವೆ ಮಂಟಪಗಳು. ನಮ್ಮ ಎಷ್ಟೋ ಜನ ದೇವಿಯ ದರ್ಶನಕ್ಕೆಂದು ಛತರ್‌ಪುರಕ್ಕೆ ಹೋಗುತ್ತಾರಲ್ಲ, ಅದೇ.

ಗಡಿನಾಡಿನ ಜನ ಬೇರೆ ತರಹದವರು. ಅವರಲ್ಲಿ ಬಹಳ ಮಂದಿ ಬಾದಶಾ ಖಾನರ, ಅಂದರೆ ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನರ, ಅನುಯಾಯಿಗಳು. ಸರ್ಕಾರ ತಮ್ಮನ್ನು ಚದುರಿಸಿ ಬೇರೆ ಬೇರೆ ಕಡೆಗೆ ಕಳಿಸಲು ನೋಡಿದಾಗ ಒಪ್ಪಲಿಲ್ಲ. ದೆಹಲಿಯ ಹತ್ತಿರ ಒಟ್ಟಿಗೇ ಇರುತ್ತೇವೆಂದು ಸತ್ಯಾಗ್ರಹ ಹೂಡಿದರು. ಕಡೆಗೆ 1949ರಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಅದರ ಅಧ್ಯಕ್ಷರು ಬಾಬು ರಾಜೇಂದ್ರ ಪ್ರಸಾದ್. ಪ್ರಧಾನಿ ನೆಹರು ಅದರ ಬಹುತೇಕ ಎಲ್ಲ ಸಭೆಗಳಿಗೂ ಹೋಗುತ್ತಿದ್ದರಂತೆ. ದೇಶದ ತುಂಬ ಬೆಂಕಿ ಬಿದ್ದಿದ್ದ ಕಾಲದಲ್ಲಿ ಒಂದು ಊರಿನ ಇಟ್ಟಿಗೆ ಸುಣ್ಣದ ಲೆಕ್ಕಕ್ಕೆ ಪ್ರಧಾನಿ ಕೂರುವುದೆಂದರೆ ಏನು ಸಾಮಾನ್ಯವೇ? ಅಲ್ಲಿಯ ಸಹಕಾರ ಸಂಘಗಳ ಕೆಲಸ ಕಮಲಾದೇವಿಯವರ ಯೂನಿಯನ್ನಿಗೆ ಬಂತು, ಜೈನ್ ಅದರ ಕಡೆಯಿಂದ ಹೋದರು.

ಮಾಮೂಲಿನಂತೆ ಮನೆ ಕಟ್ಟುವುದು ಲೋಕೋಪಯೋಗಿ ಇಲಾಖೆಯ ಕಂಟ್ರಾಕ್ಟರುಗಳ ಪಾಲಾಗಬೇಕಿತ್ತು. ನಿರಾಶ್ರಿತರು ಕಣ್ಣೆದುರಿಗೇ ಬೇರೆಯವರು ತಮ್ಮ ಮನೆ ಕಟ್ಟುವುದನ್ನು ನೋಡುತ್ತ ಪುಕ್ಕಟೆ ಹಿಟ್ಟು ತಿನ್ನುವುದು. ಅದು ಬದಲಾಯಿತು. ನಿಮ್ಮ ಮನೆಯನ್ನು ನೀವೇ ಕಟ್ಟಿ, ಕೂಲಿ ತೆಗೆದುಕೊಳ್ಳಿ, ಪುಕ್ಕಟೆ ಪಡಿತರ ಇಲ್ಲ ಎಂದಾಯಿತು. ಅಂಗಡಿಯವರು, ಲೇವಾದೇವಿಯವರು, ಗುಮಾಸ್ತರು ಗಾರೆ ಕಲಸಲು, ಇಟ್ಟಿಗೆ ಸುಡಲು ಕಲಿತರು. 30,000ಕ್ಕೂ ಹೆಚ್ಚು ಜನರಿಗೆ ಹೀಗೆ ಊರು ಎದ್ದಿತು. ವಿದ್ಯುತ್ತಿಗೆ, ಜರ್ಮನಿಯಿಂದ ಯುದ್ಧಪರಿಹಾರವಾಗಿ ಬಂದು ಕಲ್ಕತ್ತೆಯಲ್ಲಿ ಬಿದ್ದಿದ್ದ ಯಂತ್ರಸ್ಥಾವರವನ್ನು ಹುಡುಕಿ ತಂದರು. ಬಾಟಾ ಕಂಪನಿಯ ಚಪ್ಪಲಿ ಕಾರ್ಖಾನೆ 1951ರಲ್ಲಿ ಬಂತು. ಈಗಲೂ ಒಂದು ಮೆಟ್ರೋ ನಿಲ್ದಾಣದ ಹೆಸರು ಬಾಟಾ ಚೌಕ್. ಅದೇ ವರ್ಷ ನೆಹರು ಆಸ್ಪತ್ರೆಯನ್ನು ಉದ್ಘಾಟಿಸಿದರು. ಅದಕ್ಕೆ ಜನ ತಮ್ಮ ನಾಯಕ ಬಾದಶಾ ಖಾನರ ಹೆಸರಿಟ್ಟುಕೊಂಡರು. 2020ರ ಡಿಸೆಂಬರಿನಲ್ಲಿ ಅದಕ್ಕೆ ಅಟಲ್ ಬಿಹಾರಿ ವಾಜಪೇಯಿಯವರ ಹೆಸರು ಬಂದಾಗ ಹಳಬರು ನೊಂದುಕೊಂಡರು. ನಾವು ಹೋದದ್ದು ಮರುತಿಂಗಳೇ ಆದ್ದರಿಂದ ಮಾರ್ಕೆಟ್ಟಿನಲ್ಲಿ ಅದರದ್ದೇ ಮಾತು. ಆಟೋದವರಿಗೆ ಮಾತ್ರ ಅದು ಇನ್ನೂ ಬಿ.ಕೆ. ಚೌಕ್.

ಎಲ್ಲವೂ ಚೆನ್ನಾಗಿಯೇ ನಡೆಯಿತೆಂದು ನಾನು ಬರೆದರೆ ಸುಳ್ಳಾಗುತ್ತದೆ. ಕೆಲವೇ ವರ್ಷಗಳಲ್ಲಿ ದೆಹಲಿಯ ಅಧಿಕಾರಿಗಳ ಕೈ ಮೇಲಾಯಿತು, ಸಹಕಾರ ಸಂಘಗಳು ಸೊರಗಿದವು. ಜೈನ್ ಅವರ ಪುಸ್ತಕದ ಕಡೆಯ ಭಾಗ ಓದಿದರೆ ಹೊಟ್ಟೆ ಉರಿಯುತ್ತದೆ. ಆದರೆ ಮನೆಗಳು ಉಳಿದವು. ಇಟ್ಟಿಗೆ ಇಡಲು ಕಲಿತ ಕೈಗಳೂ ಉಳಿದವು.

ಇನ್ನು ಬಾವುಜಿಯ ತಂದೆಯ ವಿಷಯ. ಊರೆಲ್ಲ ಕೆಲಸಕ್ಕಿಳಿದರೂ ಅವರು ಡೇರೆ ಬಿಟ್ಟು ಏಳಲಿಲ್ಲವಂತೆ. “ಎಲ್ಲರೂ ಬಂದು ಬುದ್ಧಿ ಹೇಳಿದರು. ಬೀಜಿ ಮಾತ್ರ ಏನೂ ಹೇಳಲಿಲ್ಲ” ಎಂದರು. ಬೀಜಿ ಎಂದರೆ ತಾಯಿ. ಆಕೆ ಹಗಲು ಇಟ್ಟಿಗೆ ಹೊರುತ್ತಿದ್ದಳು. ಒಂದು ರಾತ್ರಿ ಯಾರಿಂದಲೋ ಒಂದು ಹಳೆಯ ಕರಣೆ ತಂದು ಗಂಡನ ದಿಂಬಿನ ಪಕ್ಕ ಇಟ್ಟು ಮಲಗಿದಳು. ಬೆಳಿಗ್ಗೆ ಆತ ಅದನ್ನು ನೋಡಿ ಆಚೆ ಸರಿಸಿದ. ರಾತ್ರಿ ಮತ್ತೆ ಇಟ್ಟಳು. ಅದಕ್ಕೆ ಆಕೆಯದೊಂದು ಹೆಸರಿತ್ತು, ‘ಕಲ್ ಕಾ ಏಕ್ ಕಾಮ್’, ನಾಳೆಯ ಒಂದು ಕೆಲಸ. ಮಕ್ಕಳಿಗೂ ಇದೇ ನಿಯಮ. ಮಲಗುವ ಮುಂಚೆ ಪ್ರತಿಯೊಬ್ಬರೂ ನಾಳೆಯ ಒಂದು ಕೆಲಸ ಹೇಳಬೇಕು, ಅದಕ್ಕೆ ಬೇಕಾದ ಸಾಮಾನನ್ನು ತಲೆಯ ಹತ್ತಿರ ಇಟ್ಟುಕೊಳ್ಳಬೇಕು. ನೀರು ತರುವವನಿಗೆ ಬಿಂದಿಗೆ, ಶಾಲೆಗೆ ಹೋಗುವವನಿಗೆ ಸ್ಲೇಟು. ಎರಡು ಕೆಲಸ ಹೇಳಿದರೆ ಬೈಗುಳ. ಒಂದೇ.

“ಪಿತಾಜಿ ಯಾವಾಗ ಎದ್ದರು?” ಎಂದು ಕೇಳಿದ್ದು ನಾನಲ್ಲ, ಇವರು. ಆ ದಿನ ಇವರು ಆಡಿದ ಮೊದಲ ಮಾತು.

“ಹನ್ನೊಂದು ದಿನ ಆಯಿತು” ಎಂದರು ಬಾವುಜಿ. “ನಾನು ಎಣಿಸಿದ್ದೆ. ಒಂದು ದಿನ ಬೀಜಿಗೆ ಕೇಳಿದೆ, ಅವರು ಮುಟ್ಟುವುದೇ ಇಲ್ಲವಲ್ಲ, ಯಾಕೆ ಇಡುತ್ತೀ ಎಂದು. ಮುಟ್ಟದಿದ್ದರೆ ಬೇಡ, ಆದರೆ ತೆಗೆಯಬಾರದು ಎಂದಳು. ತೆಗೆದರೆ ಅವನಿಗೆ ನಾಳೆಯೇ ಇಲ್ಲವೆಂದು ನಾವೇ ಹೇಳಿದ ಹಾಗೆ.”

ಮೂರು ಗಂಟೆಗೆ ಕಚೇರಿಗೆ ಹೋದೆವು. ಸಾಹೇಬರು ಬಂದಿರಲಿಲ್ಲ. ಆ ಹಣ ಕೈಗೆ ಬರಲು ಮುಂದೆ ಹದಿನಾಲ್ಕು ತಿಂಗಳು ಹಿಡಿಯಿತು, ಅದನ್ನು ವಿವರಿಸಿ ನಿಮ್ಮ ತಲೆ ತಿನ್ನುವುದಿಲ್ಲ.

ಅಂದು ರಾತ್ರಿ ಇವರ ದಿಂಬಿನ ಪಕ್ಕ ಏನಿಡಲಿ ಎಂದು ಮನೆಯೆಲ್ಲ ಸುತ್ತಿದೆ. ಕರಣೆ ಎಲ್ಲಿಂದ ತರಲಿ? ಕಡೆಗೆ ಶೇವಿಂಗ್ ಬ್ರಷ್ ಇಟ್ಟೆ. ಬೆಳಿಗ್ಗೆ “ಇದೇನು ಹುಡುಗಾಟ?” ಎಂದು ಸಿಡುಕಿದರು. ಎರಡನೆಯ ದಿನವೂ ಅದೇ. ನಾಲ್ಕನೆಯ ದಿನ ಗಡ್ಡ ಹೋಯಿತು. ಆಮೇಲೆ ಕರೆಂಟ್ ಬಿಲ್ಲು. ಆಮೇಲೆ ತೊಟ್ಟಿಕ್ಕುವ ನಲ್ಲಿಗೆ ವಾಷರು. ದೊಡ್ಡ ಕೆಲಸ ಇಡಬಾರದೆಂದು ತಪ್ಪು ಮಾಡಿ ಕಲಿತೆ. ಒಮ್ಮೆ ಉತ್ಸಾಹದಲ್ಲಿ ಹೊಸ ಕೆಲಸಕ್ಕೆ ಅರ್ಜಿ ಹಾಕಲೆಂದು ಬಯೋಡಾಟಾ ಇಟ್ಟುಬಿಟ್ಟೆ, ಎರಡು ದಿನ ಇವರು ಮತ್ತೆ ಬಾಲ್ಕನಿ ಸೇರಿದರು. ಮರುದಿನ ಸಾಯಂಕಾಲದೊಳಗೆ ಮುಗಿಯುವಂಥದು, ಮುಗಿದದ್ದು ಕಣ್ಣಿಗೆ ಕಾಣುವಂಥದು ಇರಬೇಕು. ಅಡುಗೆಮನೆಯಲ್ಲಿ ನಾವು ಹೆಂಗಸರು ದಿನವೂ ಮಾಡುವುದು ಇದನ್ನೇ ತಾನೇ? ರಾತ್ರಿ ಉದ್ದು ಅಕ್ಕಿ ನೆನೆಹಾಕುವಾಗ ನಾಳೆಯ ಬೆಳಗು ಬರುತ್ತದೆಯೋ ಇಲ್ಲವೋ ಎಂದು ಯಾರೂ ಚರ್ಚೆ ಮಾಡುವುದಿಲ್ಲ.

ಫೆಬ್ರವರಿಯಲ್ಲಿ ಮತ್ತೊಮ್ಮೆ ಆ ಕಚೇರಿಗೆ ಹೋದಾಗ ಬಾವುಜಿಯ ಅಂಗಡಿಗೂ ಹೋದೆವು. ಮೊಮ್ಮಗ ಜಿ.ಎಸ್‌.ಟಿ. ಕಾಗದಗಳ ರಾಶಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಇವರು ನಿಂತಲ್ಲೇ ನೋಡಿ ಎರಡು ತಪ್ಪು ತೋರಿಸಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು. ನಾನು ಎದುರಿನ ಅಂಗಡಿಯಲ್ಲಿ ಬಳೆ ನೋಡುತ್ತಾ ಎರಡು ಗಂಟೆ ಕಳೆದೆ, ಅಷ್ಟು ಖುಷಿಯಿಂದ ನಾನು ಯಾವತ್ತೂ ಬಳೆ ನೋಡಿಲ್ಲ.

ಅಲ್ಲಿಗೆ ಕತೆ ಸುಖವಾಗಿ ಮುಗಿಯಲಿಲ್ಲ. ಏಪ್ರಿಲ್ ಬಂತು. 2021ರ ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ದೆಹಲಿ ಹೇಗಿತ್ತೆಂದು ಈ ಪತ್ರಿಕೆಯ ಓದುಗರಿಗೆ ನಾನು ಬರೆದು ತಿಳಿಸಬೇಕಾಗಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಒಂದು ತಟ್ಟೆ ಕಮ್ಮಿಯಾಯಿತು. ನನ್ನ ಮೈದುನ ಗುರುಗ್ರಾಮದಲ್ಲಿದ್ದವನು, 48 ವರ್ಷ, ಆಕ್ಸಿಜನ್ ಸಿಲಿಂಡರು ಸಿಗುವ ಹೊತ್ತಿಗೆ ಹೋಗಿಬಿಟ್ಟಿದ್ದ. ಆ ರಾತ್ರಿಗಳಲ್ಲಿ ದಿಂಬಿನ ಪಕ್ಕ ಇದ್ದದ್ದು ಫೋನ್ ನಂಬರುಗಳ ಪಟ್ಟಿ, ಒಂದೊಂದಾಗಿ ಗೀಟು ಹಾಕುತ್ತಾ ಹೋಗುವುದು. ಆಶೆಯೆಂದರೆ ಬೇಡಿದ್ದು ಸಿಗುತ್ತದೆ ಎಂಬ ಭರವಸೆ ಎಂದು ಯಾರಾದರೂ ಆಗ ನನಗೆ ಹೇಳಿದ್ದರೆ ಜಗಳವಾಡುತ್ತಿದ್ದೆ. ಮೈದುನನ ಹದಿಮೂರನೆಯ ದಿನ ಕಳೆದ ರಾತ್ರಿ ನಾನೇನೂ ಇಡಲಿಲ್ಲ. ಮನಸ್ಸೇ ಬರಲಿಲ್ಲ. ಬೆಳಿಗ್ಗೆ ಎದ್ದರೆ ನನ್ನ ದಿಂಬಿನ ಪಕ್ಕ ಕೊತ್ತಂಬರಿ ಬೀಜದ ಒಂದು ಪೊಟ್ಟಣ, ಒಂದು ಹಳೆಯ ಮೊಸರಿನ ಡಬ್ಬ. ಮೇ ತಿಂಗಳಿನ ದೆಹಲಿ ಬಿಸಿಲಿಗೆ ಕೊತ್ತಂಬರಿ ಹುಟ್ಟುತ್ತದೆಯೇ? ಇವರಿಗೆ ಲೆಕ್ಕ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬಿತ್ತಿದೆ. ನಾಲ್ಕೆಂಟು ಎಳೆ ಬಂದು ಒಣಗಿಹೋಯಿತು.

ಜುಲೈಯಲ್ಲಿ ಭಯದಿಂದಲೇ ಎನ್‌.ಐ.ಟಿ.ಗೆ ಹೋದೆವು. ಅಂಗಡಿ ತೆಗೆದಿತ್ತು. ಬಾವುಜಿ ಇದ್ದರು, ಅವರ ಹೆಂಡತಿ ಇರಲಿಲ್ಲ. 60 ವರ್ಷದ ಸಂಸಾರ. ಏನು ಹೇಳಬೇಕೋ ತಿಳಿಯದೆ ನಿಂತೆವು. ಅವರು ಮೊಮ್ಮಗನ ಕೈಯಲ್ಲಿ ಚಳಿಗಾಲದ ಮಾಲಿಗೆ ಆರ್ಡರ್ ಬರೆಸುತ್ತಿದ್ದರು. ಹೊರಗೆ ಬೆವರು ಸುರಿಯುವ ಸೆಕೆ, ಒಳಗೆ ಲೂಧಿಯಾನಾದ ಸ್ವೆಟರುಗಳ ಸೈಜಿನ ಲೆಕ್ಕ. “ಬೀಜಿಯ ಮಾತು ಎಲ್ಲ ರಾತ್ರಿಯೂ ಕೈ ಹಿಡಿಯುವುದಿಲ್ಲ ಬೇಟಿ” ಎಂದರು ನಡುವೆ ಒಮ್ಮೆ. ಮತ್ತೆ ಮೊಮ್ಮಗನ ಕಡೆ ತಿರುಗಿ, “36 ಎರಡು ಡಜನ್ ಬರಿ” ಎಂದರು.

ಇವರು ಈಗ ಆ ಮಾರ್ಕೆಟ್ಟಿನ ಒಂಬತ್ತು ಅಂಗಡಿಗಳ ಲೆಕ್ಕ ಬರೆಯುತ್ತಾರೆ. ಹಳೆಯ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಮಗನ ಓದು ಬ್ಯಾಂಕ್ ಸಾಲದಲ್ಲಿ ಮುಗಿಯಿತು. ನಾನು ಎರಡು ಮನೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಂಡೋರಳ ಕತೆ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ನೀವು ಹೋಗುವುದಾದರೆ ನವೆಂಬರಿನಲ್ಲಿ ಹೋಗಿ. ಒಂದು ನಂಬರಿನ ಹಿಂದಿನ ಗಲ್ಲಿಗಳಲ್ಲಿ ನಡೆಯಿರಿ. ಹಳೆಯ ಮನೆಗಳ ಮೇಲೆ ಮೂರು ಮೂರು ಮಹಡಿ ಎದ್ದಿವೆ, ಟೈಲ್ಸು, ಸ್ಟೀಲ್ ಗೇಟು ಬಂದಿವೆ. ಬಾವುಜಿಯ ಮನೆಯ ಹಿತ್ತಲ ಗೋಡೆಯನ್ನು ಮಾತ್ರ ಕೆಡವಿಲ್ಲ. ಅವರ ತಂದೆ ಕಟ್ಟಿದ ಮೊದಲ ಗೋಡೆ ಅದು. ನಡುವೆ ಒಂದು ಸಾಲು ಡೊಂಕಾಗಿ ಹೋಗಿದೆ. ಕಿರಾಣಿ ಅಂಗಡಿಯವನ ಕೈ, ಏನು ಮಾಡುವುದು ಎಂದು ಅವರು ನಗುತ್ತಾರೆ.

ಈ ಲೇಖನ ಬರೆದುಕೊಡುತ್ತೇನೆಂದು ಸಂಪಾದಕರಿಗೆ ಒಪ್ಪಿಕೊಂಡು ಎರಡು ತಿಂಗಳಾಗಿತ್ತು. ಕನ್ನಡದಲ್ಲಿ ಬರೆದು ಎಷ್ಟು ವರ್ಷವಾಯಿತು, ನನ್ನಿಂದಾಗದು ಎಂದು ಇವರ ಮುಂದೆ ಗೊಣಗುತ್ತಿದ್ದೆ. ಹೋದ ವಾರ ಬೆಳಿಗ್ಗೆ ಎದ್ದಾಗ ನನ್ನ ದಿಂಬಿನ ಪಕ್ಕ ಒಂದು ಪೆನ್ನು, ಹತ್ತು ಹಾಳೆ. ಐದು ದಿನ ಅವು ಅಲ್ಲೇ ಇದ್ದವು. ಹಾಸಿಗೆ ಕೊಡವುವಾಗ ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದರು.